ಮೌಂಡ್ ಅಂದ್ರೆ ಏನು? ಬುಟ್ಟಿ ಹೊತ್ತವರ ಕಡೆಯಿಂದ ಒಂದು ಉತ್ತರ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಭಾನುವಾರ ನಮ್ಮಕ್ಕನ ಮಗಳು ಇಂಗ್ಲಿಷ್ ಪುಸ್ತಕ ಹಿಡ್ಕೊಂಡು ಬಂದಳು. ಎಂಟನೇ ಕ್ಲಾಸು. "ಮಾವ, ಮೌಂಡ್ ಅಂದ್ರೇನು?" ನಾನು ಹಿಂದೆ ಮುಂದೆ ನೋಡದೆ "ದಿಬ್ಬ" ಅಂದೆ. ಅವಳು ಪುಟ ತಿರುಗಿಸಿ ತೋರಿಸಿದಳು. ಬೇಸ್‌ಬಾಲ್ ಆಟದ ಬಗ್ಗೆ ಏನೋ ಕತೆ. ಚೆಂಡು ಎಸೆಯೋನು ಮೌಂಡ್ ಹತ್ತಿ ನಿಂತ ಅಂತಿತ್ತು. "ಆಟದ ಮೈದಾನದ ಮಧ್ಯೆ ದಿಬ್ಬ ಯಾಕಿರುತ್ತೆ ಮಾವ?" ಅಂದಳು. ನನಗೂ ಗೊತ್ತಿರಲಿಲ್ಲ. ಕ್ರಿಕೆಟ್ ನೋಡಿ ಬೆಳೆದವರು ನಾವು, ಪಿಚ್ ಮೇಲೆ ದಿಬ್ಬ ಮಾಡಿದರೆ ಜಗಳ ಆಗ್ತದೆ. ಅವತ್ತು ರಾತ್ರಿ ಡಿಕ್ಷನರಿ ತೆಗೆದು ಕೂತೆ. ಒಂದು ಪದ ಹಿಡಿದು ಹೊರಟವನು ಎಲ್ಲೆಲ್ಲೋ ಹೋಗಿ ಬಂದೆ. ಆ ಸುತ್ತಾಟ ಇದು.

ಮೊದಲು ಅವಳ ಪ್ರಶ್ನೆಗೆ ಉತ್ತರ. ಬೇಸ್‌ಬಾಲ್‌ನಲ್ಲಿ ಎಸೆಯೋನು ನಿಲ್ಲೋ ಜಾಗ ಸುತ್ತಲಿನ ನೆಲಕ್ಕಿಂತ ಎತ್ತರ. ಎತ್ತರದಲ್ಲಿ ನಿಂತವನಿಗೆ ಅನುಕೂಲ, ಚೆಂಡು ಮೇಲಿಂದ ಕೆಳಗೆ ಬರ್ತದೆ. ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ 1968ರವರೆಗೆ ಈ ದಿಬ್ಬ 15 ಅಂಗುಲ ಇರಬಹುದಿತ್ತು, 1969ರಿಂದ 10 ಅಂಗುಲ. ಯಾಕೆ ತಗ್ಗಿಸಿದರು? 1968ರಲ್ಲಿ ಎಸೆಯೋರ ಮುಂದೆ ಬ್ಯಾಟು ಹಿಡಿದವರು ನಿಲ್ಲಲಾರದೆ ಹೋದರು. ಆ ವರ್ಷ ಸೇಂಟ್ ಲೂಯಿಸ್ ತಂಡದ ಕಪ್ಪು ಆಟಗಾರ ಬಾಬ್ ಗಿಬ್ಸನ್ ಬಿಟ್ಟುಕೊಟ್ಟ ರನ್ನಿನ ಸರಾಸರಿ 1.12. "ಕರಿಯ ಮೇಲೆ ಹತ್ತಿದ ಅಂತ ದಿಬ್ಬಾನೇ ಇಳಿಸಿಬಿಟ್ಟರು" ಅಂತ ಬರೆದರೆ ಪೋಸ್ಟ್ ಚೆನ್ನಾಗಿ ಓಡುತ್ತೆ, ನನಗೂ ಆಸೆ ಆಯ್ತು. ಆದರೆ ಅದು ಪೂರ್ತಿ ನಿಜ ಅಲ್ಲ. ಆ ವರ್ಷ ಬಿಳಿಯ ಎಸೆತಗಾರರೂ ಹಾಗೇ ಎಸೆದಿದ್ದರು, ನಿಯಮ ಎಲ್ಲರಿಗೂ ಬದಲಾಯ್ತು. ನಮ್ಮ ಕಡೆಯ ಸುಳ್ಳೂ ಸುಳ್ಳೇ. ನಿಜ ಬೇಕಾದರೆ ಅದಕ್ಕಿಂತ ಗಟ್ಟಿಯಾದ್ದು ಬೇರೆ ಇದೆ. 1947ಕ್ಕೆ ಮೊದಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ. ಸ್ಯಾಚೆಲ್ ಪೇಜ್ ಅನ್ನೋ ದೊಡ್ಡ ಎಸೆತಗಾರ 1948ರಲ್ಲಿ ಆ 15 ಅಂಗುಲದ ಮಣ್ಣಿನ ಮೇಲೆ ಕಾಲಿಟ್ಟಾಗ ಅವನಿಗೆ ನಲವತ್ತು ದಾಟಿತ್ತು. 15 ಅಂಗುಲ ಹತ್ತೋದಕ್ಕೆ ಅಷ್ಟು ವರ್ಷ!

ಇನ್ನು ಡಿಕ್ಷನರಿ. ಇಲ್ಲಿಂದಲೇ ನನಗೆ ನಿದ್ದೆ ಹೋಗಿದ್ದು. ಮೌಂಡ್ ಅನ್ನೋ ಪದಕ್ಕೆ 16ನೇ ಶತಮಾನದ ಇಂಗ್ಲಿಷ್‌ನಲ್ಲಿ ಸಿಗೋ ಹಳೇ ಅರ್ಥ ದಿಬ್ಬ ಅಲ್ಲ, ಬೇಲಿ. ಹೊಲದ ಸುತ್ತ ಹಾಕಿದ ಬೇಲಿ, ಇದು ನಂದು ಅದು ನಿಂದು ಅನ್ನೋ ಗಡಿ. ಆಮೇಲೆ ಬೇಲಿಯಿಂದ ಮಣ್ಣಿನ ಒಡ್ಡು, ಒಡ್ಡಿನಿಂದ ಕೋಟೆಯ ಮಣ್ಣಿನ ದಂಡೆ, ಕೊನೆಗೆ ಗೋರಿ ದಿಬ್ಬ, ರಾಶಿ, ಗುಡ್ಡೆ. ಅಂದರೆ ಮಣ್ಣು ಮೇಲೆದ್ದದ್ದು ಮೊದಲು ಯಾರನ್ನೋ ಹೊರಗಿಡೋಕೆ. ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೂ ಕೇರಿಗೂ ನಡುವೆ ಏನಿರುತ್ತೆ ಅಂತ ಗೊತ್ತಿರೋರು ನಾವು.

ಅದೇ ಸ್ಪೆಲ್ಲಿಂಗಿನ ಇನ್ನೊಂದು ಪದವೂ ಇದೆ. ಇದರ ಹುಟ್ಟೇ ಬೇರೆ. ಜಗತ್ತು ಅನ್ನೋ ಅರ್ಥದ ಲ್ಯಾಟಿನ್ ಪದ ಫ್ರೆಂಚ್ ದಾಟಿ ಬಂದದ್ದು. ಇಂಗ್ಲೆಂಡಿನ ರಾಜನಿಗೆ ಪಟ್ಟ ಕಟ್ಟುವಾಗ ಕೈಗೆ ಶಿಲುಬೆ ನೆಟ್ಟ ಚಿನ್ನದ ಗೋಳ ಕೊಡ್ತಾರಲ್ಲ, 2023ರಲ್ಲಿ ಚಾರ್ಲ್ಸ್‌ಗೂ ಕೊಟ್ಟರಲ್ಲ, ಅಂಥ ಗೋಳಕ್ಕೂ ಹಳೇ ಹೆಸರು ಮೌಂಡ್. ಭೂಮಿಯೆಲ್ಲ ನನ್ನ ಅಂಗೈಲಿ ಅಂತ ತೋರಿಸೋ ಚೆಂಡು. ಒಂದೇ ಅಕ್ಷರಗಳಲ್ಲಿ ಒಂದು ಕಡೆ ರಾಜನ ಅಂಗೈ, ಇನ್ನೊಂದು ಕಡೆ ತಲೆ ಮೇಲಿನ ಮಣ್ಣಿನ ಬುಟ್ಟಿ. ಕಾಕತಾಳೀಯ ಅಷ್ಟೇ, ಆದರೂ ಮರೆಯೋಕೆ ಆಗಲ್ಲ.

ನಮ್ಮಲ್ಲಿ ಈ ಒಂದು ಪದಕ್ಕೆ ಎಷ್ಟು ಪದ ಇವೆ ನೋಡಿ. ದಿಬ್ಬ, ದಿನ್ನೆ, ಗುಡ್ಡೆ, ರಾಶಿ, ಒಡ್ಡು, ಏರಿ, ಹುತ್ತ, ತಿಪ್ಪೆ. ಕಣದಲ್ಲಿದ್ದರೆ ರಾಶಿ, ಪೂಜೆ ಮಾಡ್ತಾರೆ. ಹಿತ್ತಲಲ್ಲಿದ್ದರೆ ತಿಪ್ಪೆ, ಮೂಗು ಮುಚ್ಚಿಕೊಳ್ತಾರೆ. ರಾಶಿ ಆಗಬೇಕಾದರೆ ತಿಪ್ಪೆ ಗೊಬ್ಬರ ಹೊಲಕ್ಕೆ ಹೋಗಲೇಬೇಕು. ಅದನ್ನ ಹೊತ್ತವರು ಯಾರು, ರಾಶಿ ಪೂಜೆ ದಿನ ದೂರ ನಿಂತು ಕೈಯೊಡ್ಡಿದವರು ಯಾರು ಅಂತ ನಿಮ್ಮ ಮನೆ ಹಿರಿಯರನ್ನ ಕೇಳಿ. ನಮ್ಮ ಕಡೆ ತಿಪ್ಪಯ್ಯ, ತಿಪ್ಪಮ್ಮ ಅನ್ನೋ ಹೆಸರು ಕೇರಿಗೆ ನಾಲ್ಕು. ಹುಟ್ಟಿದ ಮಕ್ಕಳು ನಿಲ್ಲದೆ ಹೋದಾಗ ಮುಂದಿನ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ಆ ಹೆಸರು ಇಡೋರು. ಬಿಸಾಕಿದ್ದನ್ನ ಯಮನೂ ಮುಟ್ಟಲ್ಲ ಅನ್ನೋ ಲೆಕ್ಕ. ಇದು ಬರೀ ನಮ್ಮ ಕೇರಿಯ ಪದ್ಧತಿ ಅಲ್ಲ, ಎಷ್ಟೋ ಜಾತಿಗಳಲ್ಲಿ ಇತ್ತು. ಆದರೆ ಹೆಸರು ಹಿಡಿದು ನಗಿಸಿಕೊಂಡವರು ಮಾತ್ರ ಹೆಚ್ಚಾಗಿ ನಮ್ಮವರೇ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಮೌಂಡ್ ಅನ್ನೋ ಪದಕ್ಕೆ ಜಗತ್ತಿನಲ್ಲಿ ದೊಡ್ಡ ಜಗಳ ನಡೆದದ್ದು ಅಮೆರಿಕದಲ್ಲಿ.

ಯುರೋಪಿನವರು ಅಲ್ಲಿ ಒಳನಾಡಿಗೆ ನುಗ್ಗಿದಾಗ ಒಹಾಯೋ, ಮಿಸಿಸಿಪ್ಪಿ ನದಿಗಳ ಉದ್ದಕ್ಕೂ ಸಾವಿರಾರು ಮಣ್ಣಿನ ದಿಬ್ಬಗಳು ಕಂಡವು. ಕೆಲವು ಗೋರಿ, ಕೆಲವು ಚಪ್ಪಟೆ ತಲೆಯ ದೊಡ್ಡ ಜಗಲಿ, ಕೆಲವು ವೃತ್ತ, ಎಂಟು ಮೂಲೆಯ ಆವರಣ. ಒಂದಂತೂ ಹಾವಿನ ಆಕಾರ. ಯಾರು ಕಟ್ಟಿದ್ದು? ಕಣ್ಣೆದುರಿಗೆ ಅಲ್ಲಿನ ಮೂಲನಿವಾಸಿಗಳೇ ಇದ್ದರು. ಆದರೆ "ಇವರು ಕಾಡು ಜನ, ಇವರ ಕೈಲಿ ಇದು ಆಗುತ್ತಾ?" ಅನ್ನೋದು ಬಿಳಿಯರ ಪ್ರಶ್ನೆ. ಉತ್ತರವಾಗಿ ಒಂದು ಕಳೆದುಹೋದ ಮಹಾಜನಾಂಗವನ್ನೇ ಹುಟ್ಟಿಸಿಬಿಟ್ಟರು. ವೈಕಿಂಗರು ಅಂದರು, ವೇಲ್ಸಿನವರು ಅಂದರು, ಇಸ್ರೇಲಿನ ಕಳೆದುಹೋದ ಕುಲಗಳು ಅಂದರು. ಕೇಲೆಬ್ ಅಟ್‌ವಾಟರ್ ಅನ್ನೋನು 1820ರಲ್ಲಿ ಇವು ಭಾರತದ ಕಡೆಯಿಂದ ಬಂದ ಜನ ಕಟ್ಟಿದ್ದು ಅಂತ ಬರೆದ. ನಮ್ಮ ವಾಟ್ಸಾಪ್ ಪಂಡಿತರಿಗೆ ಇದು ಇನ್ನೂ ಸಿಕ್ಕಿಲ್ಲ, ಸಿಕ್ಕರೆ ಒಂದು ವಾರ ಹಬ್ಬ.

ನಕ್ಕು ಬಿಡೋ ಮಾತಲ್ಲ ಇದು. 1830ರ ಮೇ ತಿಂಗಳಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳನ್ನ ಅವರ ನೆಲದಿಂದ ಎಬ್ಬಿಸೋ ಕಾಯ್ದೆಗೆ ಸಹಿ ಹಾಕಿದ. ಅದೇ ಡಿಸೆಂಬರಿನಲ್ಲಿ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಈ ದಿಬ್ಬಗಳ ಮಾತನ್ನ ತಂದ. ಹಿಂದೆ ಇಲ್ಲೊಂದು ಬಲಿಷ್ಠ ಜನಾಂಗ ಇತ್ತು, ಅದು ಅಳಿದು ಈಗಿನ ಕಾಡುಜನರಿಗೆ ಜಾಗ ಆಯ್ತು ಅನ್ನೋ ಧಾಟಿ. ಅರ್ಥ ಆಯ್ತಲ್ಲ? ಇವರೂ ಯಾರನ್ನೋ ಓಡಿಸಿ ಬಂದವರೇ, ಈಗ ಇವರನ್ನ ನಾವು ಓಡಿಸಿದರೆ ತಪ್ಪೇನು ಅಂತ. ಅದಾಗಿ ಎಂಟು ವರ್ಷಕ್ಕೆ ಚೆರೋಕೀ ಜನರನ್ನ ಬಂದೂಕಿನ ಮುಂದೆ ಪಶ್ಚಿಮಕ್ಕೆ ನಡೆಸಿದರು. ದಾರಿಯಲ್ಲಿ ಸತ್ತವರು ಸಾವಿರಗಳ ಲೆಕ್ಕ. ದಿಬ್ಬ ಕಟ್ಟಿದವರ ಹೆಸರು ಕಿತ್ತುಕೊಂಡರೆ ಅವರ ಕಾಲ ಕೆಳಗಿನ ನೆಲ ಕಿತ್ತುಕೊಳ್ಳೋದು ಎಷ್ಟು ಸಲೀಸು ನೋಡಿ.

ಗೊತ್ತಿರಲಿಲ್ಲವಾ ಅವರಿಗೆ? ಗೊತ್ತಿತ್ತು. ಥಾಮಸ್ ಜೆಫರ್ಸನ್, ಮುಂದೆ ಅಧ್ಯಕ್ಷ ಆದವನು, 1780ರ ದಶಕದಲ್ಲೇ ವರ್ಜೀನಿಯಾದಲ್ಲಿ ತನ್ನ ಕಡೆಯ ಒಂದು ದಿಬ್ಬ ಅಗೆದು ನೋಡಿದ. ಪದರ ಪದರವಾಗಿ ಮೂಳೆ, ಕಲ್ಲು, ಮಣ್ಣು. ಸಾವಿರ ಜನರ ಅಸ್ಥಿ ಇರಬಹುದು ಅಂತ ಅಂದಾಜು ಮಾಡಿದ, ಮಕ್ಕಳ ಮೂಳೆಯೂ ಇತ್ತು. ಪುರಾತತ್ವದವರು ಇದನ್ನ ಅಮೆರಿಕದ ಮೊದಲ ಶಾಸ್ತ್ರೀಯ ಉತ್ಖನನ ಅಂತ ಹೊಗಳ್ತಾರೆ. ತಾನು ಅಡ್ಡಲಾಗಿ ಕತ್ತರಿಸಿ ನೋಡಿದೆ ಅಂತ ಬರೀತಾನೆ. ಅವನ ಜಮೀನಿನಲ್ಲಿ ದುಡಿಯುತ್ತಿದ್ದವರು ಗುಲಾಮರು. ಹಾರೆ ಯಾರ ಕೈಯಲ್ಲಿತ್ತು ಅಂತ ಮಾತ್ರ ಪುಸ್ತಕದಲ್ಲಿ ಇಲ್ಲ.

ಆ ಪುಸ್ತಕದಲ್ಲೇ ಇನ್ನೊಂದು ಮಾತಿದೆ, ಅದನ್ನ ಓದಿ ಫೋನು ಕೆಳಗಿಟ್ಟು ಸುಮ್ಮನೆ ಕೂತೆ. ಸುಮಾರು ಮೂವತ್ತು ವರ್ಷದ ಹಿಂದೆ ಆ ದಿಬ್ಬ ಇರೋ ಸೀಮೆಯಲ್ಲಿ ಮೂಲನಿವಾಸಿಗಳ ಗುಂಪೊಂದು ಹಾದು ಹೋಗ್ತಾ ಇತ್ತಂತೆ. ಹೆದ್ದಾರಿ ಬಿಟ್ಟು, ಯಾರನ್ನೂ ದಾರಿ ಕೇಳದೆ, ಕಾಡೊಳಗೆ ನೆಟ್ಟಗೆ ಆ ದಿಬ್ಬಕ್ಕೆ ಹೋದರಂತೆ. ಸ್ವಲ್ಪ ಹೊತ್ತು ಅಲ್ಲಿ ನಿಂತು ದುಃಖಪಟ್ಟು, ಮತ್ತೆ ಐದಾರು ಮೈಲಿ ನಡೆದು ಹೆದ್ದಾರಿಗೆ ಬಂದು ತಮ್ಮ ದಾರಿ ಹಿಡಿದರಂತೆ. ಅವರಿಗೆ ನಕ್ಷೆ ಬೇಕಾಗಿರಲಿಲ್ಲ. ಅದು ಯಾರದ್ದು ಅಂತ ಅವರಿಗೆ ಗೊತ್ತಿತ್ತು. ಇಷ್ಟು ಬರೆದಿಟ್ಟ ಮೇಲೂ ಇನ್ನೂ ನೂರು ವರ್ಷ ಆ ದೇಶ "ಯಾರು ಕಟ್ಟಿದ್ದೋ ಏನೋ" ಅಂತ ತಲೆ ಕೆರೆದುಕೊಂಡಿತು. ಕೊನೆಗೆ 1894ರಲ್ಲಿ ಸೈರಸ್ ಥಾಮಸ್ ಅನ್ನೋನು ಸಾವಿರಾರು ದಿಬ್ಬಗಳ ಸಮೀಕ್ಷೆ ಮುಗಿಸಿ, ಇವನ್ನ ಕಟ್ಟಿದ್ದು ಈಗಿರೋ ಮೂಲನಿವಾಸಿಗಳ ಹಿರಿಯರೇ ಅಂತ ಸರ್ಕಾರಿ ವರದಿ ಕೊಟ್ಟ. ಕೆಲಸಕ್ಕೆ ಸೇರುವಾಗ ಅವನೂ ಕಳೆದುಹೋದ ಜನಾಂಗವನ್ನ ನಂಬಿದ್ದವನೇ. ಸಾಕ್ಷಿ ನೋಡಿ ಮನಸ್ಸು ಬದಲಾಯಿಸಿದ, ಆ ಮಟ್ಟಿಗೆ ಮರ್ಯಾದಸ್ಥ. ಅಷ್ಟರಲ್ಲಿ ನೆಲ ಕೈ ಬಿಟ್ಟಿತ್ತು.

ಈ ದಿಬ್ಬಗಳಲ್ಲಿ ದೊಡ್ಡದು ಕಹೋಕಿಯಾದಲ್ಲಿದೆ, ಸೇಂಟ್ ಲೂಯಿಸ್ ನಗರದ ಎದುರಿಗೆ, ನದಿಯ ಆಚೆ ದಡ. ಸುಮಾರು 900 ವರ್ಷದ ಹಿಂದೆ ಅಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನರ ಪಟ್ಟಣ ಇತ್ತು, ನೂರಕ್ಕೂ ಹೆಚ್ಚು ದಿಬ್ಬ. ದೊಡ್ಡ ದಿಬ್ಬ ಸುಮಾರು 30 ಮೀಟರ್ ಎತ್ತರ, ಬುಡ 14 ಎಕರೆ. ಅದರಲ್ಲಿರೋ ಮಣ್ಣು ಅಂದಾಜು 2 ಕೋಟಿ 20 ಲಕ್ಷ ಘನ ಅಡಿ. ಗಾಡಿ ಇಲ್ಲ, ಎತ್ತಿಲ್ಲ, ಕುದುರೆ ಇಲ್ಲ. ಪೂರ್ತಿ ಬುಟ್ಟಿಯಲ್ಲಿ ಹೊತ್ತದ್ದು. ಇಂಥ ದಿಬ್ಬಗಳನ್ನ ಕತ್ತರಿಸಿ ನೋಡಿದರೆ ಒಂದೊಂದು ಬುಟ್ಟಿ ಮಣ್ಣು ಸುರಿದ ಗುರುತೂ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತಂತೆ. ಕೆಂಪು ಮಣ್ಣಿನ ಬುಟ್ಟಿ, ಪಕ್ಕದಲ್ಲಿ ಕಪ್ಪು ಮಣ್ಣಿನದು, ಅದರ ಮೇಲೆ ಬೂದು. ನಮ್ಮ ಅಮ್ಮಂದಿರು ಕಾಮಗಾರಿಯಲ್ಲಿ ಮಂಕರಿ ಹೊತ್ತು ಸುರಿದ ಹಾಗೆಯೇ. ಹೊತ್ತವಳ ಹೆಸರು ಮಾತ್ರ ಇಲ್ಲ. ಹೆಸರು ಯಾರದ್ದಿದೆ ಗೊತ್ತಾ? ಅದನ್ನ ಕರೆಯೋದು ಮಾಂಕ್ಸ್ ಮೌಂಡ್ ಅಂತ, ಸನ್ಯಾಸಿಗಳ ದಿಬ್ಬ. 19ನೇ ಶತಮಾನದ ಆರಂಭದಲ್ಲಿ ನಾಲ್ಕಾರು ವರ್ಷ ಪಕ್ಕದಲ್ಲಿ ಬಿಡಾರ ಹೂಡಿದ್ದ ಕ್ರೈಸ್ತ ಸನ್ಯಾಸಿಗಳಿಗೆ ಆ ಹೆಸರು ಹೋಯ್ತು. ಕಹೋಕಿಯಾ ಅನ್ನೋ ಹೆಸರೂ ಕಟ್ಟಿದವರದ್ದಲ್ಲ, ನೂರಾರು ವರ್ಷ ಆದ್ಮೇಲೆ ಅಲ್ಲಿಗೆ ಬಂದ ಇನ್ನೊಂದು ಕುಲದ್ದು.

ಇಲ್ಲಿ ಒಂದು ಮಾತು ಹೇಳದೆ ಹೋದರೆ ನನಗೆ ಸರಿ ಅನ್ನಿಸಲ್ಲ. ತುಳಿತಕ್ಕೆ ಒಳಗಾದವರ ಇತಿಹಾಸ ಅಂದ ಕೂಡಲೇ ಎಲ್ಲ ಚಿನ್ನ ಅಂತ ಬರೆಯೋ ಚಾಳಿ ನಮಗೂ ಇದೆ. ಕಹೋಕಿಯಾದಲ್ಲೇ 72ನೇ ನಂಬರಿನ ಸಣ್ಣ ದಿಬ್ಬ ಒಂದಿದೆ. 1967ರಿಂದ ಮೆಲ್ವಿನ್ ಫೌಲರ್ ಅದನ್ನ ಅಗೆಸಿದಾಗ 250ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕವು. ಒಂದು ಕಡೆ ಗಣ್ಯರ ಹೆಣ, ಅದರ ಜೊತೆ ಸುಮಾರು 20 ಸಾವಿರ ಚಿಪ್ಪಿನ ಮಣಿ. ಇನ್ನೊಂದು ಕಡೆ ತಲೆಯೂ ಕೈಯೂ ಇಲ್ಲದ ನಾಲ್ಕು ಗಂಡಸರು. ಒಂದೇ ಗುಂಡಿಯಲ್ಲಿ ಸಾಲಾಗಿ ಮಲಗಿಸಿದ 53 ಜನ, ಹೆಚ್ಚುಕಮ್ಮಿ ಎಲ್ಲರೂ ಎಳೇ ಹೆಣ್ಣುಮಕ್ಕಳು. ಬಲಿ. ಬಿಳಿಯರು ಬರೋಕೆ ಮುಂಚೆಯೂ ಅಲ್ಲಿ ಮೇಲು ಕೀಳು ಇತ್ತು, ಯಾರದ್ದೋ ವೈಭವಕ್ಕೆ ಯಾರದ್ದೋ ಕುತ್ತಿಗೆ ಇತ್ತು. ಓದ್ತಾ ನನಗೆ ನೆನಪಾದದ್ದು ನಮ್ಮ ಕೆರೆಗೆ ಹಾರದ ಭಾಗೀರಥಿ. ಕೆರೆ ಏರಿಯೂ ಒಂದು ಮೌಂಡೇ, ಇಂಗ್ಲಿಷಿನ ಒಡ್ಡು ಅನ್ನೋ ಅರ್ಥದಲ್ಲಿ. ಕೆರೆ ಕಟ್ಟಿಸಿದ ಗೌಡನ ಹೆಸರು ಹಾಡಲ್ಲಿದೆ, ಬಲಿಯಾದ ಸೊಸೆಯ ಹೆಸರಿದೆ. ಏರಿಗೆ ಮಣ್ಣು ಹೊತ್ತ ವಡ್ಡರ ಹೆಸರು? ಕಟ್ಟಿಸಿದವನು ಬೇರೆ, ಕಟ್ಟಿದವನು ಬೇರೆ. ಒಂದು "ಸ" ಅಕ್ಷರದ ವ್ಯತ್ಯಾಸ ಅಷ್ಟೇ.

ಕಹೋಕಿಯಾ 1982ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಎದುರು ದಡದ ಸೇಂಟ್ ಲೂಯಿಸ್‌ಗೆ ದಿಬ್ಬಗಳ ನಗರ ಅಂತಲೇ ಅಡ್ಡಹೆಸರು, ಆದರೆ ಅಲ್ಲಿದ್ದ ದಿಬ್ಬಗಳನ್ನ ನಗರ ತಿಂದು ಹಾಕಿತು. ದೊಡ್ಡದನ್ನ 1869ರ ಹೊತ್ತಿಗೆ ಪೂರ್ತಿ ಅಗೆದು ಮಣ್ಣನ್ನ ರೈಲು ದಾರಿಗೆ ತುಂಬಿದರು. ನಮ್ಮ ಕಡೆಯೂ ಹೀಗೇ ಆಯ್ತು ಅಂತ ನೆನಪಿಡಿ, ಹರಪ್ಪದ ದಿಬ್ಬದ ಇಟ್ಟಿಗೆ ಬಗೆದು ಲಾಹೋರ್-ಮುಲ್ತಾನ್ ರೈಲು ಹಳಿಯ ಕೆಳಗೆ ಹಾಸಿದ್ದರು. ಹಡಪ್ಪ ಅಂದ್ರೆ ಏನು ಅಂತ ಯಾರಿಗೂ ಗೊತ್ತಾಗೋ ಮುಂಚೆಯೇ. ಒಹಾಯೋದ ನ್ಯೂವಾರ್ಕ್‌ನಲ್ಲಿ ಇನ್ನೂ ವಿಚಿತ್ರ, 2000 ವರ್ಷ ಹಳೆಯ ಎಂಟು ಮೂಲೆಯ ಪವಿತ್ರ ಆವರಣದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಗಾಲ್ಫ್ ಆಡಿದರು. ಕ್ಲಬ್ಬಿನ ಹೆಸರು ಮೌಂಡ್‌ಬಿಲ್ಡರ್ಸ್, ದಿಬ್ಬ ಕಟ್ಟಿದವರು ಅಂತ! ಕಟ್ಟಿದವರ ಮೊಮ್ಮಕ್ಕಳು ಅಲ್ಲಿ ನಿಂತು ಪ್ರಾರ್ಥನೆ ಮಾಡೋದಕ್ಕೆ ಆಟದ ಟೈಮ್‌ಟೇಬಲ್ ನೋಡಬೇಕಿತ್ತು. ಕೋರ್ಟು ಕಚೇರಿ ಎಲ್ಲ ಆಗಿ, 2025ರ ಜನವರಿ 1ರಿಂದ ಎಲ್ಲರಿಗೂ ಅದು ಪೂರ್ತಿ ತೆರೆದಿದೆ. ಸೇಂಟ್ ಲೂಯಿಸ್‌ನಲ್ಲಿ ಕೊನೆಗೆ ಉಳಿದಿದ್ದ ದಿಬ್ಬದ ಒಂದು ಭಾಗವನ್ನ ಓಸೇಜ್ ಜನರು 2009ರಲ್ಲಿ ವಾಪಸ್ ಪಡೆದರು. ಹೇಗೆ? ದುಡ್ಡು ಕೊಟ್ಟು ಕೊಂಡುಕೊಂಡು. ತಮ್ಮ ಹಿರಿಯರ ಗುಡ್ಡೆಯನ್ನ, ಮಾರ್ಕೆಟ್ ರೇಟಿಗೆ.

ಅಮೆರಿಕದ ಕತೆ ಅಂತ ದೂರ ಇಡಬೇಡಿ. ಕಟ್ಟಿದವರನ್ನ ಮರೆಸೋಕೆ ಅಲ್ಲಿ ಕಳೆದುಹೋದ ಜನಾಂಗ, ಇಲ್ಲಿ ರಾಕ್ಷಸರು.

ಬಳ್ಳಾರಿ ಹತ್ತಿರ ಕುಡತಿನಿ ಗೊತ್ತಲ್ಲ, ಅಲ್ಲೊಂದು ಬೂದಿ ದಿಬ್ಬ ಇದೆ. ಬಳ್ಳಾರಿ, ರಾಯಚೂರು, ಯಾದಗಿರಿ, ಆಚೆ ಆಂಧ್ರ ತೆಲಂಗಾಣದವರೆಗೆ ಇಂಥವು ಹತ್ತಾರು. ಊರವರು ಹೇಳ್ತಾ ಬಂದದ್ದು, ಇದು ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ. ಹಂಪಿ ಪಕ್ಕ ನಿಂಬಾಪುರದ ದಿಬ್ಬ ವಾಲಿಯನ್ನ ಸುಟ್ಟ ಬೂದಿ ಅಂತ. ನೋಡಿ, ಎರಡೂ ಕಡೆ ಸತ್ತವರು ಯಾರು, ಕೊಂದವರು ಯಾರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಅಂತ ಗುರುತಿಸಿದ. 1957ರಲ್ಲಿ ಆಲ್ಚಿನ್ ಊಟ್ನೂರಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತು ಸಹ ಸಿಕ್ಕವು, ದೊಡ್ಡಿಯ ಕಂಬ ನೆಟ್ಟ ಗುಣಿಗಳೂ ಸಿಕ್ಕವು. 1960ರಲ್ಲಿ ಜಾಯ್ನರ್ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಸಗಣಿಯೇ ಅಂತ ಖಚಿತ ಮಾಡಿದ. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕಿದ ಜನ ದೊಡ್ಡಿಯ ಸಗಣಿಯನ್ನ ರಾಶಿ ಹಾಕಿ, ಮತ್ತೆ ಮತ್ತೆ ಬೆಂಕಿ ಇಟ್ಟದ್ದು. ಯಾಕೆ ಸುಟ್ಟರು ಅನ್ನೋದರಲ್ಲಿ ವಿದ್ವಾಂಸರಿಗೆ ಇನ್ನೂ ತಕರಾರಿದೆ, ಹಬ್ಬಕ್ಕೋ, ರೋಗಕ್ಕೋ. ಯಾರು ಸುಟ್ಟರು ಅನ್ನೋದರಲ್ಲಿ ಇಲ್ಲ. ರಾಕ್ಷಸರಲ್ಲ, ದನಗಾಹಿಗಳು. ದಕ್ಷಿಣ ಭಾರತದ ಮೊದಲ ರೈತರು, ಮೊದಲ ಹಳ್ಳಿಗಳು ಈ ಬೂದಿಯ ಪಕ್ಕದಲ್ಲೇ ಎದ್ದದ್ದು. ತಿಪ್ಪೆ ಅಂತ ಮೂಗು ಮುಚ್ಚಿಕೊಳ್ಳೋರು ಇದನ್ನ ನೆನಪಿಟ್ಟುಕೊಂಡರೆ ಒಳ್ಳೇದು.

ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊ. ಕೆ. ಪದ್ದಯ್ಯ 1990ರ ದಶಕದಲ್ಲಿ ವರ್ಷಗಟ್ಟಲೆ ಅಗೆಸಿದರು. ಬೂದಿ ದಿಬ್ಬದ ಪಕ್ಕ ಮನೆಗಳು, ಮಕ್ಕಳ ಸಮಾಧಿ, ಕಲ್ಲಿನ ಆಯುಧ ಮಾಡೋ ಜಾಗ. ಜೊತೆಗೆ ಪ್ರಾಣಿಗಳನ್ನ ಕೊಯ್ದು ಹಂಚುತ್ತಿದ್ದ ಒಂದು ಹದ ಮಾಡಿದ ನೆಲ, ಅಲ್ಲಿ ದನದ ಮೂಳೆ, ಕತ್ತರಿಸೋ ಕಲ್ಲಿನ ಅಲಗು. ಅಂದರೆ ಊರೆಲ್ಲ ಕೂಡಿ ತಿನ್ನುತ್ತಿದ್ದರು. 2020ರ ಗೋಹತ್ಯೆ ಕಾಯ್ದೆ ಬಂದಾಗ ನಮ್ಮ ತಟ್ಟೆ ನೋಡಿ ಸಂಸ್ಕೃತಿ ಪಾಠ ಹೇಳಿದವರು ಯಾರೂ ಬೂದಿಹಾಳದ ಹೆಸರು ಎತ್ತಲಿಲ್ಲ. ಆ ಜನ ದಲಿತರ ಪೂರ್ವಜರು ಅಂತ ನಾನು ಹೇಳ್ತಾ ಇಲ್ಲ, ಆಗ ಜಾತಿಯೇ ಎಲ್ಲಿತ್ತು? ಅವರು ಈ ನೆಲದ ಎಲ್ಲರ ಹಿರಿಯರು. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಇಟ್ಟ ವಾದ ನಿಮಗೆ ಗೊತ್ತು, ಚೂರಾದ ಕುಲಗಳ ಜನ, ಬೌದ್ಧರು, ಊರಾಚೆ ಉಳಿದವರು, ದನದ ಮಾಂಸ ಬಿಡದೆ ಹೋದದ್ದಕ್ಕೆ ಮುಟ್ಟಿಸಿಕೊಳ್ಳದವರು ಅಂತ. ಆ ವಾದವನ್ನ ಒಪ್ಪಬಹುದು, ಪ್ರಶ್ನಿಸಬಹುದು. ಆದರೆ ಬೇಲಿ ಹಾಕಿದ ಮೇಲೆ ಬೇಲಿಯಾಚೆಯವರನ್ನ ಕೀಳು ಅಂದದ್ದು, ಕೀಳಾಗಿದ್ದಕ್ಕೆ ಬೇಲಿ ಹಾಕಿದ್ದಲ್ಲ ಅನ್ನೋದು ಅದರ ಜೀವಾಳ. ಮೌಂಡ್ ಅಂದರೆ ಮೊದಲು ಬೇಲಿ ಅಂತ ಓದಿದಾಗ ನನಗೆ ಆ ಪುಸ್ತಕವೇ ಕಣ್ಣ ಮುಂದೆ ಬಂತು.

ಬೌದ್ಧರು ಅಂದೆನಲ್ಲ, ಸ್ತೂಪದ ಕತೆಗೆ ಬಂದೆ. ಸ್ತೂಪ ಅನ್ನೋ ಪದದ ಅರ್ಥವೇ ಗುಡ್ಡೆ, ರಾಶಿ. ಪಾಲಿಯಲ್ಲಿ ಥೂಪ. ಬುದ್ಧನ ಅಸ್ಥಿಯ ಮೇಲೆ ಎಬ್ಬಿಸಿದ ಮಣ್ಣಿನ ಗುಡ್ಡೆ, ಆಮೇಲೆ ಇಟ್ಟಿಗೆ, ಕಲ್ಲು, ಶಿಲ್ಪ. ನಾನು ಇಷ್ಟೊತ್ತು ಹುಡುಕಿದ್ದು, ಹೊತ್ತವರ ಹೆಸರು ಇರೋ ಒಂದಾದರೂ ದಿಬ್ಬ ಇದೆಯಾ ಅಂತ. ಇದೆ. ಆಂಧ್ರದ ಅಮರಾವತಿ. ಅಲ್ಲಿನ ಒಂದು ಕಲ್ಲಿನ ಮೇಲೆ ಪೂರ್ಣಘಟ ಕೆತ್ತಿದೆ. ಸುಮಾರು 1800 ವರ್ಷ ಹಳೆಯ ಕಲ್ಲು. ಕೊಟ್ಟವನು ತನ್ನ ಹೆಸರು ಬರೆಸಿದ್ದಾನೆ, ವಿಧಿಕ. ಕಸುಬೂ ಬರೆಸಿದ್ದಾನೆ, ಚಮ್ಮಾರ. ಅಪ್ಪನ ಹೆಸರು ನಾಗ, ಆತ ಉಪಾಧ್ಯಾಯ. ಅಮ್ಮ, ಹೆಂಡತಿ, ಅಣ್ಣತಮ್ಮಂದಿರು, ಮಗ, ಹೆಣ್ಣುಮಕ್ಕಳು, ನೆಂಟರು, ಗೆಳೆಯರು ಎಲ್ಲರ ಜೊತೆ ಕೊಟ್ಟ ದಾನ ಅಂತಿದೆ. ಎರಡು ಸಲ ಓದಿ ಇದನ್ನ. ಚರ್ಮದ ಕೆಲಸದವನು, ಉಪಾಧ್ಯಾಯನ ಮಗ, ಇಡೀ ಮನೆ ಕಟ್ಟಿಕೊಂಡು ಹೋಗಿ ಆ ಸೀಮೆಯ ದೊಡ್ಡ ಪವಿತ್ರ ಜಾಗಕ್ಕೆ ಕಲ್ಲು ಕೊಟ್ಟು, ಕಸುಬು ಮುಚ್ಚಿಡದೆ ಹೆಸರು ಕೆತ್ತಿಸಿದ. ಯಾರೂ ಮೈಲಿಗೆ ಅನ್ನಲಿಲ್ಲ.

ಆಮೇಲೆ ಆ ಸ್ತೂಪವೂ ದಿಬ್ಬ ಆಯ್ತು. ಮಣ್ಣು ಮುಚ್ಚಿತು, ಜನ ದೀಪಾಲದಿನ್ನೆ ಅಂತ ಕರೆದರು, ದೀಪಗಳ ದಿಬ್ಬ. 18ನೇ ಶತಮಾನದ ಕೊನೆಗೆ ಅಲ್ಲಿನ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಊರು ಕಟ್ಟೋಕೆ ಕಲ್ಲು ಬೇಕು ಅಂತ ಅದನ್ನ ಬಗೆಸಿದ. ಕರ್ನಲ್ ಮೆಕೆಂಜಿ 1816ರಲ್ಲಿ ಎರಡನೇ ಸಲ ಬಂದು ನೋಡಿದಾಗ ನಡುಮಧ್ಯೆ ಕೊಳ ತೋಡಿಯಾಗಿತ್ತು. ಎಷ್ಟೋ ಶಿಲ್ಪಗಳನ್ನ ಸುಟ್ಟು ಸುಣ್ಣ ಮಾಡಿದ್ದರು. ಉಳಿದದ್ದು ಲಂಡನ್, ಮದ್ರಾಸು ಮ್ಯೂಸಿಯಂಗಳಿಗೆ ಹಂಚಿಹೋಯ್ತು. ವಿಧಿಕನ ಕಲ್ಲು ಉಳಿದದ್ದು ಅದೃಷ್ಟ. ಸುಣ್ಣವಾಗಿ ಯಾರ ಮನೆ ಗೋಡೆಗೆ ಬಳಿದ ಕಲ್ಲುಗಳಲ್ಲಿ ಇನ್ನೆಷ್ಟು ವಿಧಿಕರಿದ್ದರೋ.

ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಇದೆ. ಭೀಮಾ ನದಿ ದಂಡೆಯ ಸನ್ನತಿ, ಪಕ್ಕದಲ್ಲೇ ಕನಗನಹಳ್ಳಿ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹ ಮುರಿಯಿತು. ಕೆಳಗಿದ್ದ ಪೀಠದ ಕಲ್ಲು ತೆಗೆದು ನೋಡಿದರೆ ಅಶೋಕನ ಶಾಸನ. ವಿಗ್ರಹ ಕೂರಿಸೋಕೆ ಶಾಸನದ ಮಧ್ಯದಲ್ಲೇ ತೂತು ಕೊರೆದಿದ್ದರು. ಆಮೇಲೆ 1990ರ ದಶಕದಲ್ಲಿ ಕನಗನಹಳ್ಳಿಯ ದಿಬ್ಬ ಅಗೆದಾಗ ಮಹಾಸ್ತೂಪ ಎದ್ದು ಬಂತು. ರಾಜ ರಾಣಿಯರ ಒಂದು ಶಿಲ್ಪ, ಅದರ ಮೇಲೆ ಬ್ರಾಹ್ಮಿಯಲ್ಲಿ ರಾಯೊ ಅಸೋಕೊ ಅಂತ ಹೆಸರು. ಅಶೋಕನ ಹೆಸರು ಬರೆದ ಅವನ ಶಿಲ್ಪ ಮೊದಲು ಸಿಕ್ಕಿದ್ದು ಇಲ್ಲೇ, ನಮ್ಮ ನೆಲದಲ್ಲಿ.

ನಾನು ಅಲ್ಲಿಗೆ ಹೋದದ್ದು ಒಂದು ಏಪ್ರಿಲ್ ತಿಂಗಳು, ಬಿಸಿಲು ಅಂದ್ರೆ ಬಿಸಿಲು. ನೆರಳಲ್ಲಿ ಒಬ್ಬ ಹಿರಿಯರು ಕೂತಿದ್ದರು, ಪಕ್ಕದಲ್ಲಿ ಆಡು ಮೇಯ್ತಿದ್ದವು. ಸ್ತೂಪದ ಬಗ್ಗೆ ಮೊಬೈಲ್‌ನಲ್ಲಿ ಓದ್ತಾ ನಿಂತಿದ್ದ ನನ್ನನ್ನ ನೋಡಿ, "ಇದರಾಗ ನಾನೂ ಕೆಲಸ ಮಾಡೀನ್ರಿ" ಅಂದರು. ಅಗೆಯುವಾಗ ಕೂಲಿಗೆ ಹೋಗಿದ್ದರಂತೆ. ಹೆಂಡತಿಯೂ ಬುಟ್ಟಿ ಹೊತ್ತಿದ್ದರಂತೆ. ಎದ್ದು ಬಂದು ಒಂದು ಕಲ್ಲು ತೋರಿಸಿ, "ಇದರ ಮ್ಯಾಲಿನ ಮಣ್ಣು ಬ್ರಶ್ಶಿನಾಗ ತೆಗದವ ನಾನು, ಜೋರಾಗಿ ಉಜ್ಜಬ್ಯಾಡ ಅಂತ ಸಾಹೇಬ್ರು ಬೈತಿದ್ರು" ಅಂತ ನಕ್ಕರು. ಅದು ಏನು ಶಿಲ್ಪ ಅಂತ ಅವರಿಗೆ ಗೊತ್ತಿತ್ತು. ಬುದ್ಧ ಮನೆ ಬಿಟ್ಟು ಹೋಗೋದು ಅಂದರು. ಕುದುರೆ ಇದೆ, ಮೇಲೆ ಯಾರೂ ಇಲ್ಲ, ಹಂಗಾದ್ರ ಅದು ಬುದ್ಧಂದೇ ಅಂತ.

ಇಷ್ಟೆಲ್ಲ ಮಣ್ಣು ಎಲ್ಲಿ ಸುರಿದ್ರಿ ಅಂತ ಕೇಳಿದೆ. ಅವರು ತಿರುಗಿ ಕೈ ತೋರಿಸಿದರು. ಆಚೆ ಒಂದು ಸಣ್ಣ ದಿಬ್ಬ, ಜಾಲಿ ಬೆಳೆದಿತ್ತು. ಅವರ ಆಡುಗಳಲ್ಲಿ ಎರಡು ಆಗಲೇ ಅದರ ತುದಿ ಹತ್ತಿ ನಿಂತಿದ್ದವು.